ಅವ್ವನಿಗೆ ಒರಗುವ ಸೀಟು ಬೇಕಿತ್ತು

ಸೂಳೆಕೆರೆ ದಂಡೆಯಲ್ಲಿ ಗಾಳ ಹಿಡಿದು ಕೂರುವ ಚಟ ನನಗೆ ಹತ್ತಿದ್ದು ಪಿಯುಸಿ ಫೇಲಾದ ವರ್ಷ. ಅಂಗಡಿ, ಮದುವೆ, ಮಗಳು, ಸಾಲ ಎಲ್ಲ ಆಮೇಲೆ ಬಂದವು. ಚಟ ಮಾತ್ರ ಹೋಗಲಿಲ್ಲ. ದಾವಣಗೆರೆಯಲ್ಲಿ ನಮ್ಮದು ಪಂಪ್‌ಸೆಟ್ಟು, ಟಿಲ್ಲರ್ ಬಿಡಿಭಾಗದ ಅಂಗಡಿ. ಭಾನುವಾರ ಶಟರ್ ಎಳೆದು, ಎರೆಹುಳದ ಡಬ್ಬಿ, ನೆನೆಸಿದ ಹಿಂಡಿ, ಒಂದು ಪೊಟ್ಟಣ ಮಂಡಕ್ಕಿ ಗಾಡಿಗೆ ಹಾಕಿಕೊಂಡು ಹೊರಟರೆ ಸಂಜೆವರೆಗೆ ಫೋನ್ ಎತ್ತುವವನಲ್ಲ. ಸಿಕ್ಕರೆ ಗೆಂಡೆ, ಅದೃಷ್ಟ ಇದ್ದರೆ ಕಾಟ್ಲಾ, ಏನೂ ಇಲ್ಲದಿದ್ದರೆ ಜಿಲೇಬಿ ಮೀನು.

ಮನೆಯವರನ್ನೂ ಕರೆದೊಯ್ಯಬೇಕು ಅಂತ ಆಸೆ. ಒಂದು ಸಲ ಪರಿಚಯದ ಮೀನುಗಾರನ ಹರಿಗೋಲಿನಲ್ಲಿ ಅವ್ವ, ಹೆಂಡತಿ, ಮಗಳು ಮೂವರನ್ನೂ ಕೂರಿಸಿದೆ. ಅವ್ವನಿಗೆ ಮಂಡಿ ನೋವು. ತಳದಲ್ಲಿ ಚಕ್ಕಂಬಕ್ಕಳ ಹಾಕಿ ಕೂತವಳು ಅರ್ಧ ಗಂಟೆ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡೇ ಇದ್ದಳು. ಇಳಿಸುವಾಗ ಇಬ್ಬರು ಎತ್ತಬೇಕಾಯಿತು. ಆ ರಾತ್ರಿ ಹೆಂಡತಿ ಹೇಳಿದ ಮಾತು: "ನಿಮ್ಮ ಜೊತೆ ಬರಾಕೆ ನಮಗೇನು ಬ್ಯಾಡ ಅಂತಿಲ್ಲ. ಒರಗಿ ಕೂರಾಕೆ ಎಲ್ಲಿ? ನೆಳ್ಳು ಎಲ್ಲಿ? ಒಂದಕ್ಕೆ ಹೋಗಬೇಕಂದ್ರೆ ಎಲ್ಲಿಗೆ ಹೋಗೋದು?" ಮೂರನೆಯ ಪ್ರಶ್ನೆ ಕೇಳಿ ನಾನು ಸುಮ್ಮನಾದೆ. ಇಪ್ಪತ್ತು ವರ್ಷ ಕೆರೆ ದಂಡೆಯಲ್ಲಿ ಕೂತರೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಗಂಡಸರಿಗೆ ಹೊಳೆಯುವುದೂ ಇಲ್ಲ, ಗಿಡದ ಮರೆ ಸಾಕು.

ಸೆಕೆಂಡ್ ಹ್ಯಾಂಡ್ ಮೋಟಾರು ಬೋಟಿನ ಹುಚ್ಚು ಶುರುವಾದದ್ದು ಹಾಗೆ. ಮುಂದೆ ಸಣ್ಣ ಕ್ಯಾಬಿನ್, ಒಳಗೆ ಮಲಗಲು ಎರಡು ಹಾಸು, ಹಿಂದೆ ಗಾಳ ಹಾಕಲು ತೆರೆದ ಜಾಗ, ಮೇಲೆ ನೆರಳು. ಕ್ರೂಸರ್ ಅನ್ನುತ್ತಾರೆ. ದೊಡ್ಡವರ ಕ್ರೂಸರ್ ಅಲ್ಲ, ನಮ್ಮಂಥವರ ಕೈಗೆ ಎಟುಕುವ ಇಪ್ಪತ್ತು ಅಡಿಯದು.

ಮೊದಲ ತಪ್ಪು, ಬೋಟು ಹುಡುಕುವ ಮುಂಚೆ ನೀರು ಹುಡುಕದೇ ಇದ್ದದ್ದು. ಸೂಳೆಕೆರೆ ನಮ್ಮದೇ ಅಂದುಕೊಂಡಿದ್ದೆ. ಒಂದು ಕಚೇರಿಗೆ ಹೋದೆ, ಅವರು ಇನ್ನೊಂದಕ್ಕೆ ಕಳಿಸಿದರು, ಅಲ್ಲಿಂದ ಮೂರನೆಯದಕ್ಕೆ. ಎರಡನೆಯ ಕಡೆ ಗುಮಾಸ್ತರು ಅರ್ಜಿ ನೋಡಿ, "ಶಾಂತಿಸಾಗರ ಅಂತ ಬರೀರಿ. ಸೂಳೆಕೆರೆ ಅಂತ ಬರೆದ್ರೆ ಸಾಹೇಬರ ಮುಂದೆ ಹೆಂಗ್ ಇಡ್ಲಿ?" ಅಂದರು. ತಿದ್ದಿ ಬರೆದೆ. ಮೂರನೆಯ ಕಡೆ ಇದ್ದವರು ಮಾತ್ರ ಕೂರಿಸಿ ತಿಳಿಸಿ ಹೇಳಿದರು: ಕೆರೆಯಿಂದ ಹೊರಡುವ ಸಿದ್ದ ನಾಲೆ, ಬಸವ ನಾಲೆಗಳ ಗದ್ದೆ ತೋಟದ ಕಥೆ ಒಂದು ಕಡೆ ಇರಲಿ, ಈ ನೀರು ಚಿತ್ರದುರ್ಗದ ನಲ್ಲಿಗೂ ಹೋಗುತ್ತದೆ. ನಿಮ್ಮ ಖಾಸಗಿ ಎಂಜಿನ್ನಿನ ಎಣ್ಣೆ ಅದಕ್ಕೆ ಸೇರಿದರೆ ಉತ್ತರ ಕೊಡುವವರು ಯಾರು? ನನಗೆ ಎದುರು ಮಾತು ಇರಲಿಲ್ಲ.

ಹಿರಿಯೂರಿನ ಗೆಳೆಯ ವಾಣಿವಿಲಾಸ ಸಾಗರಕ್ಕೆ, ಅಂದರೆ ಮಾರಿಕಣಿವೆಗೆ, ತಾ ಅಂದ. 1907ರಲ್ಲಿ ಕಟ್ಟಿ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 89 ವರ್ಷ ಕಳೆದು, 2022ರಲ್ಲಿ. ಅವತ್ತು ಬಾಗಿನ ಬಿಟ್ಟು ಬಂದಾಗಿನಿಂದ ಅವನಿಗೆ ಮಾರಿಕಣಿವೆ ಅಂದರೆ ಅರಬ್ಬೀ ಸಮುದ್ರ. ಆದರೆ ಅದೂ ಕುಡಿಯುವ ನೀರು. ಜೊತೆಗೆ 130 ಅಡಿ ತುಂಬಿದ ವರ್ಷ ದಂಡೆ ಇರುವ ಜಾಗವೇ ಬೇರೆ, ಇಳಿದ ವರ್ಷ ಬೇರೆ. ಒಂದೂವರೆ ಟನ್ ಬೋಟನ್ನು ಕೆಸರಿನಲ್ಲಿ ಎಳೆಯುವವರು ಯಾರು.

ಕೊನೆಗೆ ದಾರಿ ತೋರಿಸಿದ್ದು ತಂಗಿಯ ಗಂಡ. ತಂಗಿಯನ್ನು ಗಂಗೊಳ್ಳಿ ಕಡೆ ಕೊಟ್ಟಿದ್ದೇವೆ. ಸೌಪರ್ಣಿಕಾ, ಚಕ್ರಾ, ಕುಬ್ಜಾ, ವಾರಾಹಿ, ಖೇಟಕಿ ಐದೂ ನದಿ ಸೇರಿ ಸಮುದ್ರಕ್ಕೆ ಬೀಳುವ ಪಂಚಗಂಗಾವಳಿ ಅವರ ಹಿತ್ತಲಿನಲ್ಲೇ ಹರಿಯುತ್ತದೆ. "ಹ್ವಾಯ್ ಭಾವಯ್ಯ, ಬೋಟ್ ನಮ್ಮಲ್ ಕಟ್ಟಿ ಹಾಕಿ. ನೀವ್ ಎಂತಕ್ಕೆ ತಲೆ ಬಿಸಿ ಮಾಡ್ಕಂತ್ರಿ?" ಅಂದ. ರಜೆಗೆ ಹೇಗೂ ಅಲ್ಲಿಗೇ ಹೋಗುತ್ತೇವೆ. ಸೂಳೆಕೆರೆಗೆ ಗಾಳ, ಗಂಗೊಳ್ಳಿಗೆ ಬೋಟು ಅಂತ ತೀರ್ಮಾನವಾಯಿತು.

ಬೋಟು ನೋಡಲು ಹೋಗುವಾಗ ಅಪ್ಪನನ್ನು ಕರೆದುಕೊಂಡು ಹೋದೆ. ನಮ್ಮದು ಗಂಗಾಮತದ ಮನೆ. ಅಜ್ಜ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವನು. ಅಪ್ಪ ಹೊಳೆ ಬಿಟ್ಟು ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತವನು, ಅದು ಮುಚ್ಚುವವರೆಗೂ. ಬೋಟಿನ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ಆದರೆ ಟೂಲ್ ಕಬ್ಬಿಣಕ್ಕೆ ತಾಗುವ ಸದ್ದಿನಲ್ಲೇ ಇವತ್ತು ಸೈಜ್ ತಪ್ಪುತ್ತದೆ ಅನ್ನುತ್ತಿದ್ದ ಕಿವಿ ಅದು.

ಮೊದಲನೆಯದು ಗೋವಾದಲ್ಲಿ, ಮೂವತ್ತು ಅಡಿ. ಒಳಗೆ ಫ್ರಿಜ್ಜು, ಒಲೆ, ಬಿಳಿ ಚರ್ಮದ ಸೋಫಾ. ಹೊಟ್ಟೆಯೊಳಗೆ ಎರಡು ಪೆಟ್ರೋಲ್ ಎಂಜಿನ್. ಚಾಲೂ ಮಾಡುವ ಮುಂಚೆ ಒಳಗಿನ ಗಾಳಿ ಹೊರಹಾಕುವ ಬ್ಲೋವರ್ ಹಾಕಿ ನಾಲ್ಕು ನಿಮಿಷ ಕಾಯಬೇಕು, ಇಲ್ಲದಿದ್ದರೆ ಒಳಗೆ ತುಂಬಿದ ಪೆಟ್ರೋಲ್ ಆವಿಗೆ ಕಿಡಿ ತಾಗಿ ಕಥೆ ಮುಗಿಯಬಹುದು ಅಂತ ಅಲ್ಲಿನ ಹುಡುಗ ಸಲೀಸಾಗಿ ಹೇಳಿದ. ಹೆಂಡತಿಗೆ ವಿಡಿಯೋ ಕಾಲ್ ಮಾಡಿ ಸೋಫಾ ತೋರಿಸುತ್ತಿದ್ದೆ. ಅಪ್ಪ ಎಂಜಿನ್ ಕಡೆ ಬಗ್ಗಿ ಆಯಿಲ್ ಕಡ್ಡಿ ಎಳೆದು ಬೆರಳಿಗೆ ಸವರಿ ನನ್ನ ಮುಂದೆ ಹಿಡಿದ. ಹಾಲು ಹಾಕಿದ ಚಹಾದ ಬಣ್ಣ. ಆಯಿಲ್‌ಗೆ ನೀರು ಸೇರಿದೆ ಅಂತ ಹೇಳಲು ಬೋಟಿನ ವಿದ್ಯೆ ಬೇಕಿಲ್ಲ, ನನ್ನ ಅಂಗಡಿಗೆ ದಿನಾ ಅಂಥ ಎರಡು ಪಂಪ್‌ಸೆಟ್ಟು ಬರುತ್ತವೆ. ಸೋಫಾದ ಮೇಲೆ ಕಣ್ಣಿಟ್ಟು ನಾನೇ ಅದನ್ನು ಮರೆತಿದ್ದೆ.

ಎರಡನೆಯದು ಮಂಗಳೂರಿನ ಹತ್ತಿರ. ಹೊಸದಾಗಿ ಬಣ್ಣ ಹೊಡೆದು ಮದುಮಗಳ ಹಾಗೆ ನಿಲ್ಲಿಸಿದ್ದರು. ಔಟ್‌ಬೋರ್ಡ್ ಎಂಜಿನ್ ನೇತು ಹಾಕುವ ಹಿಂಭಾಗದ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ. ಹೊರಗೆ ಫೈಬರ್, ಒಳಗೆ ಪ್ಲೈವುಡ್. ಎಂಜಿನ್ನಿನ ಭಾರವೂ ತಳ್ಳುವ ಬಲವೂ ಅದರ ಮೇಲೇ. ಬೋಲ್ಟ್ ತೂತಿನಿಂದ ನೀರು ಇಳಿದರೆ ಒಳಗಿನ ಮರ ಕೊಳೆಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಅಪ್ಪ ಜೇಬಿನಿಂದ ಹಳೇ ಎಂಟಾಣೆ ಬಿಲ್ಲೆ ತೆಗೆದ. ಆ ಬಿಲ್ಲೆ ಯಾಕೆ ಇಟ್ಟುಕೊಂಡಿದ್ದಾನೋ ದೇವರಿಗೇ ಗೊತ್ತು. ಎಡಗಡೆಯಿಂದ ಗೇಣು ಗೇಣಿಗೆ ಕುಟ್ಟುತ್ತ ಬಂದ. ಟಕ್, ಟಕ್, ಟಕ್. ನಡುವೆ ಎಂಜಿನ್ ಬ್ರಾಕೆಟ್ಟಿನ ಕೆಳಗೆ ಬಂದಾಗ ದಪ್, ದಪ್. ಮತ್ತೆ ಹಿಂದೆ ಹೋಗಿ ಕುಟ್ಟಿದ. ಮಾರುವವರು "ಅದು ಪುಟ್ಟಿ ಸರ್, ಹಾಗೇ ಕೇಳ್ತದೆ" ಅಂದರು. ಅಪ್ಪ ಬಿಲ್ಲೆ ಜೇಬಿಗೆ ಹಾಕಿ, "ಕುಂಬಳಕಾಯಿ ಕೊಳೆತ್ರೂ ಹಿಂಗೇ ಕೇಳ್ತದೆ" ಅಂದು ಕಾರಿನ ಕಡೆ ನಡೆದ.

ಮೂರನೆಯದು ಹೊನ್ನಾವರದಲ್ಲಿ, ಶರಾವತಿ ಹಿನ್ನೀರಿನ ಪಕ್ಕದ ಒಂದು ತೆಂಗಿನ ತೋಟದಲ್ಲಿ, ಸೋಗೆ ಚಪ್ಪರದ ಕೆಳಗೆ. 21 ಅಡಿ. 90 ಎಚ್‌ಪಿ ಫೋರ್ ಸ್ಟ್ರೋಕ್ ಔಟ್‌ಬೋರ್ಡ್. ಸೀಟುಗಳು ಹರಿದು ಚಿಂದಿ, ಮೇಲಿನ ಟಾರ್ಪಾಲು ತೂತು, ಬಣ್ಣ ಸುಣ್ಣದ ಹಾಗೆ ಉದುರುತ್ತಿತ್ತು. ನೋಡಿದರೆ ಯಾರೂ ಕೊಳ್ಳಬಾರದು. ಆದರೆ ಮಾಲೀಕರು, ವಯಸ್ಸಾದ ನಿವೃತ್ತ ಮೇಷ್ಟ್ರು, ಒಂದು ನೂರು ಪುಟದ ನೋಟ್‌ಬುಕ್ ತಂದು ಕೊಟ್ಟರು. ಯಾವ ತಾರೀಖು ಎಷ್ಟು ಗಂಟೆ ಓಡಿತು, ಯಾವಾಗ ಆಯಿಲ್ ಬದಲಾಯಿತು, ಎಂಜಿನ್ನಿಗೆ ತಂಪು ನೀರು ಎಳೆಯುವ ಇಂಪೆಲ್ಲರ್ ಯಾವಾಗ, ಸತುವಿನ ತುಂಡು ಯಾವಾಗ, ಎಲ್ಲ ಗುಂಡು ಅಕ್ಷರದಲ್ಲಿ. ಉಪ್ಪು ನೀರಿನಲ್ಲಿ ಎಂಜಿನ್ನಿನ ಬದಲು ತಾನು ಸವೆಯಲಿ ಅಂತ ಕಟ್ಟುವ ಬಲಿಪಶು ಆ ಸತುವಿನ ತುಂಡು. ಎಂಜಿನ್ನಿನ ಗಂಟೆ ಮೀಟರು 412 ತೋರಿಸಿತು, ನೋಟ್‌ಬುಕ್ ಕೂಡಿದಾಗ 409 ಬಂತು. "ಮೂರು ಗಂಟೆ ನಾನೇ ಬರೆಯಲು ಮರೆತದ್ದು" ಅಂದು ಮೇಷ್ಟ್ರು ಸಂಕೋಚಪಟ್ಟರು.

ಜೊತೆಗೆ ತಂದಿದ್ದ ಗೇಜ್ ಹಾಕಿ ಕಂಪ್ರೆಷನ್ ನೋಡಿದೆ, ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಒಂದೇ ಅಂಕಿ. ನೀರಿಗಿಳಿಸಿ ಚಾಲೂ ಮಾಡಿದಾಗ ಎಂಜಿನ್ ಪಕ್ಕದ ಸಣ್ಣ ತೂತಿನಿಂದ ಕೂಸು ಉಚ್ಚೆ ಹೊಯ್ದ ಹಾಗೆ ನೀರಿನ ಎಳೆ ನೆಟ್ಟಗೆ ಹಾರಿತು. ಅದು ಹಾರುತ್ತಿದ್ದರೆ ಎಂಜಿನ್ ತಣ್ಣಗಿದೆ ಅಂತ ಅರ್ಥ. ಅಪ್ಪನ ಎಂಟಾಣೆಗೆ ಟ್ರಾನ್ಸಮ್ ಪಾಸಾಯಿತು. ಕ್ಯಾಬಿನ್ ಬಾಗಿಲ ಮುಂದಿನ ನೆಲ ಮಾತ್ರ ಕಾಲಿಟ್ಟರೆ ಮೆತ್ತಗೆ ಕುಸಿಯುತ್ತಿತ್ತು. ಅದನ್ನು ತೋರಿಸಿ 11 ಲಕ್ಷದಿಂದ 8 ಲಕ್ಷದ 60 ಸಾವಿರಕ್ಕೆ ಇಳಿಸಿದೆವು. ಮೇಷ್ಟ್ರ ಹತ್ತಿರ ಚೌಕಾಶಿ ಮಾಡಲು ನನಗೆ ನಾಚಿಕೆಯಾಯಿತು, ಅಪ್ಪನಿಗೆ ಆಗಲಿಲ್ಲ.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದು ಓಡಾಟವೇ ಹೊರತು ಕಥೆಯಲ್ಲ. 1917ರ ಹಳೇ ಕಾಯ್ದೆ ಹೋಗಿ 2021ರ ಒಳನಾಡು ಹಡಗು ಕಾಯ್ದೆ ಬಂದಿದೆ. ಯಂತ್ರದಿಂದ ಓಡುವ ದೋಣಿಗೆ ನೋಂದಣಿ, ಸರ್ವೆ ಪ್ರಮಾಣಪತ್ರ, ವಿಮೆ ಕೇಳುತ್ತಾರೆ. ಎಂಜಿನ್ ನಂಬರನ್ನು ಕಾಗದದ ಜೊತೆ ನಾವೇ ಕಣ್ಣಾರೆ ತಾಳೆ ನೋಡಬೇಕು. ಮೇಷ್ಟ್ರ ಫೈಲಿನಲ್ಲಿ ಎಲ್ಲ ಇದ್ದುದರಿಂದ ವರ್ಗಾವಣೆಗೆ ಮೂರು ಸಲ ಕರಾವಳಿಗೆ ಹೋಗಿಬಂದರೆ ಸಾಕಾಯಿತು.

ಈಗ ಎಲ್ಲರೂ ಕೇಳುವ ಪ್ರಶ್ನೆ: ಹೊನ್ನಾವರದಲ್ಲಿ ಕೊಂಡು ಗಂಗೊಳ್ಳಿಯಲ್ಲಿ ಕಟ್ಟುವ ಬೋಟನ್ನು ದಾವಣಗೆರೆಗೆ ಯಾಕೆ ತಂದೆ? ಮೇ ಕೊನೆ ವಾರ ಬಂದಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಅಲ್ಲಿ ಯಾಂತ್ರಿಕ ಮೀನುಗಾರಿಕೆಗೇ ರಜೆ. ಆ ಮಳೆಯಲ್ಲಿ ಫೈಬರ್ ಕೆಲಸ ಮಾಡಿದರೆ ಅದನ್ನು ಅಂಟಿಸುವ ರೆಸಿನ್ ಸರಿಯಾಗಿ ಕೂರುವುದಿಲ್ಲ, ಒಳಗೆ ತೇವ ಉಳಿಯುತ್ತದೆ. ನಮ್ಮೂರಲ್ಲಿ ಜೂನ್ ತಿಂಗಳೂ ಧೂಳು. ಸಮುದ್ರದಿಂದ ದೂರ ಇರುವುದರಿಂದ ನಮಗೆ ಆದ ಒಂದೇ ಲಾಭ ಇದು.

ಲಾರಿ ಗೇರುಸೊಪ್ಪೆ ಘಾಟಿ ಹತ್ತಿ ಸಾಗರ, ಶಿವಮೊಗ್ಗ ದಾಟಿ ಚನ್ನಗಿರಿ ಮೇಲೆ ಬಂತು. ನಾನು ಹಿಂದೆ ಕಾರಿನಲ್ಲಿದ್ದೆ. ಸೂಳೆಕೆರೆ ಹತ್ತಿರ ಡ್ರೈವರ್ ಚಹಾಕ್ಕೆ ನಿಲ್ಲಿಸಿದ. ಬೆಳಗಿನ ಬಿಸಿಲಿಗೆ ನೀರು ತಟ್ಟೆಯ ಹಾಗೆ ಹರಡಿತ್ತು. ಲಾರಿ ಮೇಲೆ ಬೋಟು. ನಡುವೆ ಒಂದು ಕೂಗಿನ ದೂರ. ನನ್ನ ಹರಿಗೋಲಿನ ಗೆಳೆಯ ಬಂದು ಬೋಟಿನ ಹೊಟ್ಟೆ ತಟ್ಟಿ, "ಇಷ್ಟು ದೂರ ತಂದು ಇಲ್ಲಿ ಇಳಿಸಲ್ವಾ ಅಣ್ಣಾ?" ಅಂದ. ಅವನಿಗೆ ಇನ್ನೊಂದು ಚಹಾ ಹೇಳಿದೆ.

ನಮ್ಮ ಗೋಡೌನ್ ಪಕ್ಕದ ಖಾಲಿ ಸೈಟಿನಲ್ಲಿ ಬೋಟು ಇಳಿದ ದಿನದಿಂದ ಓಣಿಗೆ ಬೇರೆ ಕೆಲಸ ಇರಲಿಲ್ಲ. ಹುಡುಗರು ಸಂಜೆ ಕ್ರಿಕೆಟ್ ಬಿಟ್ಟು ಸ್ಟೇರಿಂಗ್ ತಿರುಗಿಸಲು ಸಾಲು ನಿಲ್ಲುತ್ತಿದ್ದರು. ಎದುರು ಮನೆ ಅಜ್ಜಿ, "ಈ ಸಲ ಮಳೆ ಅಷ್ಟು ಬರ್ತೈತೇನಪ್ಪಾ?" ಅಂತ ನಿಜವಾಗಿಯೂ ಹೆದರಿ ಕೇಳಿದರು.

ನೆಲ ಕತ್ತರಿಸಿದಾಗ ಒಳಗಿನ ಪ್ಲೈವುಡ್ ನೆನೆದ ರಸ್ಕಿನ ಹಾಗೆ ಕೈಗೆ ಬಂತು. ಹೊಸದಾಗಿ ಐಎಸ್ 710 ಗುರುತಿನ ಮರೈನ್ ಪ್ಲೈ ತಂದೆ. ಸಾಮಾನ್ಯ ಐಎಸ್ 303 ಹಾಕಿದರೆ ಅರ್ಧ ದುಡ್ಡು ಉಳಿಯುತ್ತಿತ್ತು, ನಾಲ್ಕು ವರ್ಷಕ್ಕೆ ಮತ್ತೆ ರಸ್ಕು. ಫೈಬರ್ ಕೆಲಸಕ್ಕೆ ಬಂದವನು ಬಾತ್‌ರೂಮ್ ಬಾಗಿಲು ಮಾಡುವ ಹುಡುಗ. ಕೈ ಚುರುಕು. ಮೊದಲ ದಿನ ಮಧ್ಯಾಹ್ನದ ಬಿಸಿಲಲ್ಲಿ ಬೇಗ ಒಣಗಲಿ ಅಂತ ರೆಸಿನ್‌ಗೆ ಹಾರ್ಡನರ್ ಸ್ವಲ್ಪ ಜಾಸ್ತಿ ಹಾಕಿ ಕಲಸಿದ. ಫೈಬರ್ ಮ್ಯಾಟ್ ಕತ್ತರಿಸಿ ತಿರುಗುವಷ್ಟರಲ್ಲಿ ಮಗ್ಗಿನಿಂದ ಹೊಗೆ. ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ಪ್ಲಾಸ್ಟಿಕ್ ಮಗ್ಗು ಸೊಟ್ಟಗಾಗಿ ಒಳಗಿನದು ಜೇನು ಬಣ್ಣದ ಕಲ್ಲಾಗಿತ್ತು. ಅಪ್ಪ ಆ ಕಲ್ಲನ್ನು ಈಗಲೂ ಬಿಲ್ ಪುಸ್ತಕದ ಮೇಲೆ ಒತ್ತಿಗೆ ಇಟ್ಟಿದ್ದಾನೆ. ಆಮೇಲೆ ಬೆಳಿಗ್ಗೆ ಏಳಕ್ಕೆ ಶುರುಮಾಡಿ ಹತ್ತಕ್ಕೆ ನಿಲ್ಲಿಸುವುದು, ಒಂದು ಸಲಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಕಲಸಬಾರದು ಅಂತ ಅಪ್ಪನ ಕಾನೂನು.

ಸೀಟು ಹೊಲಿದವರು ಬಸ್ ಸೀಟಿನ ಕುಶನ್ ಕೆಲಸದವರು. ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಬೆನ್ನಿನ ಅಳತೆ ತೆಗೆದರು. ಅವಳಿಗೆ ಕಾಲು ಚಾಚಲು ಎಷ್ಟು ಬೇಕು, ಎದ್ದು ನಿಲ್ಲುವಾಗ ಕೈ ಎಲ್ಲಿ ಊರುತ್ತಾಳೆ ಅಂತ ನೋಡಿ ಅಲ್ಲೊಂದು ಸ್ಟೀಲ್ ಹಿಡಿಕೆ. ಸೀಟು ಚೆಂದ ಬಂತು. ಒಂದು ಮಳೆ ಬಿದ್ದ ಮಾರನೇ ದಿನ ಅವ್ವ ಕೂತಳು, ಎದ್ದಾಗ ಸೀರೆ ಒದ್ದೆ. ಒಳಗಿನದು ಮನೆ ಸೋಫಾದ ಫೋಮ್, ನೀರು ಕುಡಿದು ಕೂತಿತ್ತು. ಎಲ್ಲ ಬಿಚ್ಚಿ, ನೀರು ನಿಲ್ಲದ ಗಟ್ಟಿ ಫೋಮ್ ತರಿಸಿ, ತಳಕ್ಕೆ ತೂತು ಬಿಟ್ಟು ಮತ್ತೆ ಹೊಲಿಸಿದೆವು. ಸ್ಕ್ರೂ ವಿಷಯದಲ್ಲೂ ಏಟು ಬಿತ್ತು. ಉಪ್ಪು ನೀರಿಗೆ 316 ಸ್ಟೇನ್‌ಲೆಸ್ ಬೇಕು ಅಂತ ಹೇಳಿ ತಂದದ್ದು, ಒಂದು ಅಂಗಡಿಯವರು ಉಪ್ಪಿಗೆ ತಡೆಯದ 304 ಕೊಟ್ಟಿದ್ದರು. ನಾನೇ ಬಿಡಿಭಾಗ ಮಾರುವವನು, ನನಗೇ ಟೋಪಿ. ಗಂಗೊಳ್ಳಿ ಸೇರಿದ ಮೇಲೆ ಕಡಲ ಗಾಳಿಗೆ ತಿಂಗಳೊಳಗೆ ತಲೆಗಳ ಸುತ್ತ ಚಹಾ ಬಣ್ಣದ ಕಲೆ ಹರಡಿದಾಗ ಗೊತ್ತಾಯಿತು.

ಕ್ಯಾಬಿನ್ ಒಳಗೆ ಒಂದು ಮೂಲೆಗೆ ಪರದೆ, ಅದರ ಹಿಂದೆ ಎರಡು ಭಾಗದ ಪೋರ್ಟಬಲ್ ಕಮೋಡು. ಮೇಲಿನ ಭಾಗಕ್ಕೆ ನೀರು, ಕೆಳಗಿನದು ಕಳಚಿ ಮನೆಗೆ ತಂದು ತೊಳೆಯುವುದು. ಇಡೀ ಬೋಟಿನಲ್ಲಿ ಅತಿ ಕಡಿಮೆ ಬೆಲೆಯ ವಸ್ತುಗಳಲ್ಲಿ ಅದೊಂದು. ಹೆಂಡತಿ ಬಂದು ಮೊದಲು ನೋಡಿದ್ದು ಅದನ್ನೇ. ಪರದೆಯ ಕೊಂಡಿ ಒಳಗಿನಿಂದ ಹಾಕಲು ಬರುತ್ತದಾ ಅಂತ ಎರಡು ಸಲ ಹಾಕಿ ತೆಗೆದು, "ಹಂ" ಅಂದಳು. ಆ "ಹಂ" ಕೇಳಲು ನಾನು ಒಂದು ವರ್ಷ ಓಡಾಡಿದ್ದೆ.

ಎಂಜಿನ್ ಪರೀಕ್ಷೆ ಅಂಗಡಿ ಮುಂದೆಯೇ ಆಯಿತು. ನೀಲಿ ಡ್ರಮ್ಮಿಗೆ ನಲ್ಲಿ ನೀರು ತುಂಬಿ, ಎಂಜಿನ್ ಕಾಲನ್ನು ಅದರಲ್ಲಿ ಮುಳುಗಿಸಿ ಚಾಲೂ ಮಾಡಿದ್ದು. ಪೆಟ್ರೋಲ್ ದಾರಿಗೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿದೆ. ಈಗಿನ ಪೆಟ್ರೋಲಿನ ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ಆ ನೀರು ತಳ ಸೇರಿದರೆ ನಡುನೀರಿನಲ್ಲಿ ಎಂಜಿನ್ ಕೈ ಕೊಡುತ್ತದೆ. ತಳದಲ್ಲಿ ಸೇರಿದ ನೀರು ಹೊರಹಾಕುವ ಪಂಪನ್ನು ಹತ್ತು ಬಕೆಟ್ ನೀರು ಸುರಿದು ನೋಡಿದೆವು. ಸುರಿಯುವ ಕೆಲಸ ಓಣಿಯ ಹುಡುಗರು ಹಬ್ಬದ ಹಾಗೆ ಮಾಡಿದರು. ಲೈಫ್ ಜಾಕೆಟ್ ಆರು ತಂದೆ, ಅವ್ವನಿಗೆ ಸೀರೆ ಮೇಲೆ ಹಾಕಿ ಕಟ್ಟಿ ಅಭ್ಯಾಸ ಮಾಡಿಸಿದೆ. ಎಲ್ಲ ಸೇರಿ ದಾವಣಗೆರೆ ಖರ್ಚು ಎರಡು ಲಕ್ಷ ದಾಟಿತು.

ಆಯುಧಪೂಜೆಗೆ ಲೇತ್, ತೂಕದ ಯಂತ್ರ, ಸ್ಕೂಟರಿನ ಸಾಲಿನಲ್ಲಿ ಬೋಟಿಗೂ ಬಾಳೆಕಂಬ ಕಟ್ಟಿದೆವು. ನಿಂಬೆಹಣ್ಣು ಚಕ್ರದ ಕೆಳಗೆ ಇಡಬೇಕು, ಬೋಟಿಗೆ ಚಕ್ರ ಇಲ್ಲ. ಪುರೋಹಿತರು ಸ್ವಲ್ಪ ಯೋಚಿಸಿ ಪ್ರೊಪೆಲ್ಲರಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಮುಂದೆ ಒಡೆಸಿದರು. ಮಾರನೇ ವಾರ ಬಂದ ದಾರಿಯಲ್ಲೇ ಲಾರಿ ಹೊರಟು ಹೊನ್ನಾವರಕ್ಕೆ ಇಳಿದು ಗಂಗೊಳ್ಳಿ ಸೇರಿತು.

ಮೊದಲ ಸವಾರಿಗೆ ನಾವು ಐವರು, ಮತ್ತೆ ತಂಗಿಯ ಗಂಡ. ಪೂರ್ತಿ ವೇಗ ಕೊಟ್ಟರೆ ಗಂಟೆಗೆ ಮೂವತ್ತು ಲೀಟರ್ ಹತ್ತಿರ ಕುಡಿಯುವ ಎಂಜಿನ್, ನಿಧಾನ ಹೋದರೆ ಐದಾರು. ನಾವು ನಿಧಾನವೇ ಹೋದೆವು. ನದಿ ಸಮುದ್ರ ಸೇರುವ ಅಳಿವೆ ಬಾಗಿಲ ಕಡೆ ಮಾತ್ರ ಹೋಗಬಾರದು, ಅಲ್ಲಿ ಮರಳು ದಿಬ್ಬದ ಮೇಲೆ ತೆರೆ ಒಡೆಯುತ್ತದೆ ಅಂತ ಅವನು ಮೊದಲೇ ಹೇಳಿದ್ದ. ಬೆಟ್ಟದ ಸಾಲು ಕಾಣುವ ಕಡೆಗೆ ಹೋಗಿ ಒಂದು ಕುದುರುವಿನ, ಅಂದರೆ ಹೊಳೆ ನಡುವಿನ ನಡುಗಡ್ಡೆಯ, ಪಕ್ಕ ಎಂಜಿನ್ ನಿಲ್ಲಿಸಿ, ಗಾಳಕ್ಕೆ ಚಟ್ಲಿ (ಸೀಗಡಿ) ಸಿಕ್ಕಿಸಿ ಇಳಿಬಿಟ್ಟೆ. ಮೊದಲ ಕಾಣೆ ಮೀನು ಬಂದಾಗ ಮಗಳು ಕಿರುಚಿದ್ದಕ್ಕೆ ಬೆಳ್ಳಕ್ಕಿ ಹಾರಿಹೋದವು. ಎರಡನೆಯದೂ ಬಂತು. ಮೂರನೆಯದರ ಆಸೆಗೆ ನೀರು ಇಳಿಯುತ್ತಿರುವುದನ್ನು ನಾನು ನೋಡಲಿಲ್ಲ. ಕೆರೆಯವನು ನಾನು, ಕೆರೆ ನೀರು ದಿನಕ್ಕೆರಡು ಸಲ ಏರಿಳಿಯುವುದಿಲ್ಲ. ಹನ್ನೊಂದಕ್ಕೆ ಬೋಟಿನ ತಳ ಮರಳಿಗೆ ಸರ್ ಅಂತ ತಾಗಿತು. "ಭಾವಯ್ಯ, ಎಂಜಿನ್ ಎತ್ತಿ! ಮರಳ್ ಎಳ್ಕಂಡ್ರೆ ಇಂಪೆಲ್ಲರ್ ಹೋಯ್ತ್ ಕಾಣಿ!" ಎತ್ತಿದೆ. ಬೋಟು ಮೆಲ್ಲಗೆ ಎಡಕ್ಕೆ ವಾಲಿ ಕೂತಿತು. ಅವನು ಫೋನಿನಲ್ಲಿ ಭರತದ, ಅಂದರೆ ನೀರು ಏರುವ, ಹೊತ್ತು ನೋಡಿ, ಎರಡು ಗಂಟೆಗೆ ತೇಲುತ್ತದೆ, ಊಟ ಮಾಡೋಣ ಅಂದ.

ಮೂರು ಗಂಟೆ ಆ ಮರಳಿನ ಮೇಲೆ ಕೂತೆವು. ಹೆಂಡತಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ಪರದೆಯ ಕೊಂಡಿ ಎರಡು ಸಲ ಸದ್ದು ಮಾಡಿತು. ಅಪ್ಪ ಬೋಟಿನಿಂದ ಇಳಿದು ಮೊಳಕಾಲ ನೀರಿನಲ್ಲಿ ಸುತ್ತು ಹಾಕುತ್ತ ಎಂಟಾಣೆಯಿಂದ ತಳ ಕುಟ್ಟಿ ನೋಡುತ್ತಿದ್ದ. ಅವ್ವ ಊಟವಾದ ಮೇಲೆ ನೆರಳಿನ ಸೀಟಿಗೆ ಒರಗಿ, ವಾಲಿದ ಕಡೆಗೇ ತಲೆ ಇಟ್ಟು ನಿದ್ದೆ ಹೋದಳು. ಎರಡರ ಸುಮಾರಿಗೆ ತಳದಲ್ಲಿ ನೀರು ಗುಳುಗುಳು ಅಂತು, ಬೋಟು ಒಮ್ಮೆ ಅಲುಗಿ ನೆಟ್ಟಗಾಯಿತು. ಎಂಜಿನ್ ಇಳಿಸಿ ಕೀಲಿ ತಿರುಗಿಸಿದೆ, ನೀರಿನ ಎಳೆ ಹಾರಿತು. ಆ ಸದ್ದಿಗೆ ಅವ್ವ ಕಣ್ಣು ಬಿಟ್ಟು ಸುತ್ತ ನೋಡಿದಳು.

"ಈಗ ಹೊರಟ್ವೇನೋ?"